ಇಂಗ್ಲಿಷ್ ಅಧ್ಯಾಪಕನ ಎಂ.ಎ. ವ್ಯಾಸಂಗ: ಒಂದು ಐತಿಹಾಸಿಕ ಅವಲೋಕನ

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಗುವವರೆಗೆ ಸಂಸ್ಥಾನದ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಳಪಟ್ಟಿದ್ದವು. ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕನಾಗಬೇಕೆಂದವನು ಅಲ್ಲಿಯ ಎಂ.ಎ. ಪರೀಕ್ಷೆಯಲ್ಲಿ ತೇರ್ಗಡೆ ಹೊಂದಬೇಕಾಗಿತ್ತು. ಬಿ. ಎಂ. ಶ್ರೀಕಂಠಯ್ಯನವರು ಪಡೆದುದು ಮದರಾಸಿನ ಪದವಿಯೇ. ಧಾರವಾಡದ ಕಡೆಯವರಿಗೆ, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಜನ್ಮತಾಳುವವರೆಗೆ, ಮುಂಬಯಿಯೇ ಗತಿಯಾಗಿತ್ತು.

ಈ ವ್ಯಾಸಂಗವು ಸಾಹಿತ್ಯದ ವ್ಯಾಸಂಗವಾಗಿತ್ತು. ಷೇಕ್ಸ್‌ಪಿಯರ್, ಮಿಲ್ಟನ್, ವರ್ಡ್ಸ್‌ವರ್ತ್ ಮೊದಲಾದವರ ಕೃತಿಗಳನ್ನು ವಿದ್ಯಾರ್ಥಿಯು ಆಳವಾಗಿ ಅಭ್ಯಸಿಸುತ್ತಿದ್ದನು. ಆದರೆ ಆ ಭಾಷೆಯನ್ನು ಅರಿಯದ ಹುಡುಗನಿಗೆ ಅದನ್ನು ಕಲಿಸುವ ಬಗೆಯನ್ನು ಅವನಿಗೆ ಯಾರೂ ಹೇಳಿಕೊಡುತ್ತಿರಲಿಲ್ಲ. ಪ್ರೌಢಶಾಲೆಯ ಉಪಾಧ್ಯಾಯನಿಗೆ ಬೋಧನಾ ತರಬೇತಿಯು ಅಗತ್ಯವೆಂದೆಣಿಸಿದ ವ್ಯವಸ್ಥೆಯೇ ಕಾಲೇಜಿನ ಅಧ್ಯಾಪಕನಿಗೆ ಅದು ಬೇಡವೆಂದು ಭಾವಿಸಿದುದು ವಿಚಿತ್ರವಾಗಿ ತೋರುತ್ತದೆ. ವಿದ್ವತ್ತಿದ್ದರೆ ಬೋಧನೆ ತಾನಾಗಿ ಬರುವುದೆಂಬ ನಂಬಿಕೆಯೇ ಇದಕ್ಕೆ ಕಾರಣವಿರಬೇಕು.

ಈ ವ್ಯಾಸಂಗದಿಂದ ಕನ್ನಡಕ್ಕಾದ ಲಾಭವನ್ನು ನಾವು ಮರೆಯುವಂತಿಲ್ಲ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಇಂಗ್ಲಿಷ್ ತರಗತಿಯ ಓದಿನಿಂದಲೇ ಮೂಡಿದುವು. ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೂ ಸಿ. ಡಿ. ನರಸಿಂಹಯ್ಯನವರು ಕೇಂಬ್ರಿಜ್ಜಿಗೂ ಹೋಗಿ ಬಂದರು. ಮೈಸೂರಿನಲ್ಲಿ ಎಂ.ಎ. ಮಾಡಿದ ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ನಡೆಸುತ್ತಿದ್ದಾಗಲೇ ‘ಸಂಸ್ಕಾರ’ವನ್ನು ಬರೆದರು, ಅದು 1965ರಲ್ಲಿ ಪ್ರಕಟವಾಯಿತು. ಕಲಿತ ವಿದ್ಯೆ ತರಗತಿಗಿಂತ ಸಾಹಿತ್ಯಕ್ಕೇ ಹೆಚ್ಚಾಗಿ ಸಂದಿತೆಂದರೆ ಅತಿಶಯೋಕ್ತಿಯಾಗಲಾರದು.

ಆದರೆ ನಷ್ಟವನ್ನು ಅನುಭವಿಸಿದವರು ಬೇರೆಯವರು. ಸ್ವಾತಂತ್ರ್ಯಾನಂತರ ತಾಲ್ಲೂಕು ಕೇಂದ್ರಗಳಲ್ಲಿಯೂ ಕಾಲೇಜುಗಳು ತೆರೆದವು. ಕನ್ನಡ ಮಾಧ್ಯಮದಲ್ಲಿ ಓದಿ, ಮನೆತನದಲ್ಲಿಯೇ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲೇರಿದ ವಿದ್ಯಾರ್ಥಿಗಳು ಅಲ್ಲಿಗೆ ಬಂದರು. ಒಂದು ಪುಟವನ್ನು ಸ್ವತಂತ್ರವಾಗಿ ಓದಲಾರದವನ ಮುಂದೆ ನಾಟಕವನ್ನಿಟ್ಟು ಅಧ್ಯಾಪಕನು ಕಥಾಸಾರವನ್ನು ಕನ್ನಡದಲ್ಲಿ ಹೇಳಿ ಮುಗಿಸುವನು. ವಿದ್ಯಾರ್ಥಿಯು ಗೈಡನ್ನು ಬಾಯಿಪಾಠ ಮಾಡುವನು. ಬಿ.ಎ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೊಂದರಲ್ಲೇ ನಪಾಸಾಗಿ ಊರಿಗೆ ಹಿಂದಿರುಗಿದವರು ಎಷ್ಟೋ ಮಂದಿ. ಈ ದೋಷವನ್ನು ಅಧ್ಯಾಪಕನ ಸೋಮಾರಿತನಕ್ಕೆ ಕಟ್ಟುವುದು ಸುಲಭ, ಆದರೆ ನ್ಯಾಯವಲ್ಲ: ಅವನ ಪದವಿಯು ಅವನನ್ನು ಈ ಕೆಲಸಕ್ಕೆ ಸಿದ್ಧಪಡಿಸಿರಲಿಲ್ಲ.

ಈ ಕೊರತೆಯನ್ನು ನೀಗುವ ಸಲುವಾಗಿ 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯು ಆರಂಭವಾಯಿತು. ಗೋಕಾಕರು ಅದರ ನಿರ್ದೇಶಕರಾಗಿದ್ದರೆಂಬುದು ಗಮನಾರ್ಹ. ಧ್ವನಿಶಾಸ್ತ್ರ, ಭಾಷಾಶಾಸ್ತ್ರ ಮತ್ತು ಬೋಧನಾಕ್ರಮಗಳು ಅಲ್ಲಿ ಸ್ನಾತಕೋತ್ತರ ವಿಷಯಗಳಾದವು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಸಂಸ್ಥೆಯೂ ತೆರೆಯಿತು. ಅದರ ಗಮನವು ಹೆಚ್ಚಾಗಿ ಶಾಲಾ ಉಪಾಧ್ಯಾಯರ ಕಡೆಗಿತ್ತು.

ನೇಮಕದ ನಿಯಮಗಳು ಮಾತ್ರ ಇದಕ್ಕೆ ಅನುಗುಣವಾಗಿ ಬದಲಾಗಲಿಲ್ಲ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯು ಮುಖ್ಯವಾಗಿ ಸಾಹಿತ್ಯಜ್ಞಾನವನ್ನೇ ಅಳೆಯುತ್ತದೆ. ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2018ರ ನಿಯಮಾವಳಿಯು ಪಿಎಚ್.ಡಿ.ಯನ್ನು ಕಡ್ಡಾಯಗೊಳಿಸಿತು, ಜಾರಿಯು ಮುಂದಕ್ಕೆ ಹೋಗಿ, 2023ರಲ್ಲಿ ಆ ಷರತ್ತನ್ನೇ ಕೈಬಿಡಲಾಯಿತು. ಇಷ್ಟೆಲ್ಲ ಚರ್ಚೆಯಲ್ಲಿಯೂ ಪದವಿ ತರಗತಿಯ ಭಾಷಾಬೋಧನೆ ವಿಷಯವಾಗಲಿಲ್ಲ. ಹಲವೆಡೆ ಎಂ.ಎ. ಪಠ್ಯಕ್ರಮದಲ್ಲಿ ಅದು ಐಚ್ಛಿಕ ಪತ್ರಿಕೆಯಾಗಿದೆ. ಅದನ್ನು ಆರಿಸಿಕೊಳ್ಳದವನೂ ಅಧ್ಯಾಪಕನಾಗಿ ಮೊದಲು ಎದುರಿಸುವುದು ಪ್ರಥಮ ವರ್ಷದ ಕಡ್ಡಾಯ ಇಂಗ್ಲಿಷ್ ತರಗತಿಯನ್ನೇ.