ತಿರುಮಣಿ ಸೀಮೆಯ ಐದು ಊರುಗಳು: ಗೇಣಿ ಮರಳಿ ಬಂದ ಬಗೆ

ಪಾವಗಡ ತಾಲ್ಲೂಕನ್ನು ಮೂರು ಕಡೆಯಿಂದ ಆಂಧ್ರ ಸುತ್ತುವರಿದಿದೆ. ಅಲ್ಲಿನ ನಾಗಲಮಡಿಕೆ ಹೋಬಳಿಯ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಊರುಗಳು ಈ ಲೇಖನದ ವಸ್ತು. ಈ ಸೀಮೆಯಲ್ಲಿ ಮನೆಮಾತು ಬಹುಪಾಲು ತೆಲುಗು, ಕಚೇರಿಯ ಕಾಗದ ಕನ್ನಡ. ಶಾಸನ, ಕೋಟೆಗಳ ಬೆನ್ನುಹತ್ತಿದವರು ಸಹಜವಾಗಿ ನಿಡುಗಲ್ಲು ಬೆಟ್ಟದತ್ತ ಹೋಗುತ್ತಾರೆ. ಈ ಊರುಗಳ ಚರಿತ್ರೆಯನ್ನು ಪಹಣಿಯಲ್ಲೇ ಓದಬೇಕು.

ಮೊದಲು ನೀರಿನ ಮಾತು. ನಾಗಲಮಡಿಕೆಯ ಸುಬ್ರಹ್ಮಣ್ಯ ದೇವಾಲಯದ ಬಳಿ ಹರಿಯುವ ಉತ್ತರ ಪಿನಾಕಿನಿ, ಮೈಸೂರು ಮತ್ತು ಮದ್ರಾಸು ಸರ್ಕಾರಗಳ ನಡುವಿನ 1892ರ ಒಪ್ಪಂದದ ನದಿಪಟ್ಟಿಯಲ್ಲಿದೆ. ಪಟ್ಟಿಯ ನದಿಗಳಿಗೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ಪಾವಗಡದ ಬರವನ್ನೆಲ್ಲ ಆ ಕಾಗದದ ತಲೆಗೆ ಕಟ್ಟುವುದು ಅತಿಯಾದೀತು; ಇದು ಮೊದಲೇ ಮಳೆ ಕಡಿಮೆಯ ನಾಡು. ಮಳೆ ನೆಚ್ಚಿದ ಶೇಂಗಾ, ಬತ್ತುವ ಕೊಳವೆಬಾವಿ, ಫ್ಲೋರೈಡ್ ನೀರು, ಬೆಂಗಳೂರಿಗೆ ಗುಳೆ: ಈ ಊರುಗಳಿಗೆ ಸೌರ ವಿದ್ಯುತ್ ಪಾರ್ಕು ಬರುವ ಹೊತ್ತಿಗೆ ಇಲ್ಲಿನ ಬದುಕು ಹೀಗಿತ್ತು.

ಇನ್ನು ಭೂಮಿ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅಂದಿನಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು, ಗೇಣಿದಾರರು ಏಳನೇ ನಮೂನೆ ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಭೂಮಿಯನ್ನು ಗೇಣಿಗೆ ಕೊಡುವ ಪದ್ಧತಿಯೇ ಕಾನೂನಿನ ಕಣ್ಣಲ್ಲಿ ತಪ್ಪಾಯಿತು. ಸರಿಯಾಗಿ 44 ವರ್ಷಗಳ ಮೇಲೆ, 2018ರ ಮಾರ್ಚ್ 1ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯ ಇದೇ ಊರುಗಳಲ್ಲಿ 'ಶಕ್ತಿ ಸ್ಥಳ' ಸೌರ ಪಾರ್ಕನ್ನು ಉದ್ಘಾಟಿಸಿದರು. ತಾರೀಖು ಕೂಡಿಬಂದದ್ದು ಆಕಸ್ಮಿಕವೇ ಇರಬೇಕು. ಆದರೆ ಸುಮಾರು 13,000 ಎಕರೆಯನ್ನು ಕೊಳ್ಳದೆ, ಸ್ವಾಧೀನವನ್ನೂ ಮಾಡಿಕೊಳ್ಳದೆ, ಗೇಣಿಗೆ ಹಿಡಿದದ್ದು ಆಕಸ್ಮಿಕವಲ್ಲ. 2015ರಲ್ಲಿ ಕೇಂದ್ರ ಮತ್ತು ರಾಜ್ಯದ ಸಂಸ್ಥೆಗಳು ಸೇರಿ ಕಟ್ಟಿದ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ರೈತರಿಂದ ಜಮೀನು ಪಡೆದು ವಿದ್ಯುತ್ ಕಂಪನಿಗಳಿಗೆ ಹಂಚಿತು. ಒಂದು ಕಾಲಕ್ಕೆ ಗೇಣಿದಾರನಿಗೆ ಒಡೆತನ ಕೊಡಿಸಿದ ಸರ್ಕಾರ ಈಗ ತಾನೇ ಗೇಣಿದಾರನ ಜಾಗದಲ್ಲಿ ಕೂತಿತು. ರೈತ ಉಳುಮೆ ಬಿಟ್ಟು ಗೇಣಿ ಎಣಿಸುವವನಾದ. ಪಾರ್ಕಿನ ಸಾಮರ್ಥ್ಯ 2019ರ ಕೊನೆಗೆ 2,050 ಮೆಗಾವಾಟ್ ಮುಟ್ಟಿತು.

ಕರಾರು ಹೀಗಿದೆ: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, ಅವಧಿ 28 ವರ್ಷ. ಏರಿಕೆಯ ಮೇಲೆ ಏರಿಕೆ ಹಿಡಿದು ಲೆಕ್ಕ ಹಾಕಿದರೆ ಕೊನೆಯ ಎರಡು ವರ್ಷ ಎಕರೆಗೆ ಸುಮಾರು 39,600 ರೂಪಾಯಿ. ಶೇಂಗಾ ಕೈಕೊಟ್ಟ ವರ್ಷಗಳನ್ನು ನೆನೆದರೆ ನಿಶ್ಚಿತ ಹಣ ದೊಡ್ಡದೇ. ಆದರೂ ವರ್ಷಕ್ಕೆ ಶೇ. 2.5ರಷ್ಟೇ ಬೆಳೆಯುವ ಗೇಣಿ ಸಂತೆಯ ಬೆಲೆಗಳ ಜೊತೆ ಹೆಜ್ಜೆ ಹಾಕುವುದು ಕಷ್ಟ. ಐದಾರು ಎಕರೆಯವರಿಗೂ ಐವತ್ತು ಎಕರೆಯವರಿಗೂ ದರ ಒಂದೇ. ಆದಾಯದ ಅಂತರ ಮಾತ್ರ ಹೊಲದಷ್ಟೇ ಅಗಲ.

ಪಹಣಿಯ 9ನೇ ಕಲಮಿನಲ್ಲಿ ಖಾತೆದಾರನ ಹೆಸರಿರುತ್ತದೆ, 12ನೇ ಕಲಮಿನಲ್ಲಿ ಸಾಗುವಳಿ ಮಾಡುವವನದು. 1974ರ ಹೋರಾಟದಲ್ಲಿ ತೂಕವಿದ್ದದ್ದು 12ನೇ ಕಲಮಿಗೆ. ಸೌರ ಪಾರ್ಕಿನ ಗೇಣಿ ನೋಡಿದ್ದು 9ನೆಯದನ್ನು. ಭೂಮಿಯಿಲ್ಲದೆ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕಿದವರು, ಬೀಳು ಹೊಲದಲ್ಲಿ ಕುರಿ ಮೇಯಿಸಿದವರು ಎರಡೂ ಕಲಮಿನಲ್ಲಿಲ್ಲ. ಅವರಲ್ಲಿ ಕೆಲವರಿಗೆ ಸೌರ ಹಲಗೆ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಗುತ್ತಿಗೆದಾರರ ಮೂಲಕ ಸಿಕ್ಕಿದೆ. ಹಾಗಾಗಿ 2015ರ ನಂತರದ ಈ ಊರುಗಳ ಚರಿತ್ರೆ ಬರೆಯುವವರು ತಾಲ್ಲೂಕು ಕಚೇರಿಯ ಜೊತೆಗೆ ಗುತ್ತಿಗೆದಾರರ ಹಾಜರಿ ಪುಸ್ತಕಗಳನ್ನೂ ಕೇಳಬೇಕಾಗುತ್ತದೆ.