ಲೆಕ್ಕಕ್ಕೆ ಸಿಗದ ಸರಕು

1984ರಲ್ಲಿ ಚೀನಾದ ಜಿಯಾಂಗ್ಸು ಪ್ರಾಂತದಲ್ಲಿ ಸಾಕುಮೊಲಗಳು ಇದ್ದಕ್ಕಿದ್ದಂತೆ ಸಾಯತೊಡಗಿದವು. ಮೊದಲು ಬಲಿಯಾದವು ಉಣ್ಣೆಗಾಗಿ ಜರ್ಮನಿಯಿಂದ ತರಿಸಿದ್ದ ಅಂಗೋರಾ ಮೊಲಗಳು. ಜ್ವರ ಬಂದ ಒಂದೆರಡು ದಿನಗಳಲ್ಲೇ ಯಕೃತ್ತು ಕೆಟ್ಟು, ಒಳಗೆ ರಕ್ತ ಒಸರಿ ಪ್ರಾಣ ಹೋಗುತ್ತಿತ್ತು. ತಾಯಿ ಸತ್ತ ಗೂಡಿನಲ್ಲಿ ತೀರ ಎಳೆಯ ಮರಿಗಳು ಬದುಕುಳಿಯುತ್ತಿದ್ದುದು ಈ ರೋಗದ ವೈಚಿತ್ರ್ಯ. ವರ್ಷ ತುಂಬುವುದರೊಳಗೆ ಸುಮಾರು 14 ಕೋಟಿ ಮೊಲಗಳು ಅಳಿದವೆಂದು ಅಂದಾಜು.

ಮುಂದೆ ರೋಗವು ವ್ಯಾಪಾರದ ದಾರಿ ಹಿಡಿಯಿತು. ತುಪ್ಪಳ, ಮೇವು, ಪಂಜರ, ಸಾಕುವವರ ಚಪ್ಪಲಿ, ಇವೆಲ್ಲದರಲ್ಲೂ ಈ ವೈರಾಣು ಬಹುಕಾಲ ಉಳಿಯಬಲ್ಲುದು; ಹೆಪ್ಪುಗಟ್ಟಿಸಿದ ಮಾಂಸದಲ್ಲಿಯೂ ಸಾಯದು. 1988ರ ಕೊನೆಗೆ ಅದು ಮೆಕ್ಸಿಕೋ ತಲುಪಿದ್ದು ಚೀನಾದಿಂದ ಆಮದಾದ ಮೊಲದ ಮಾಂಸದೊಡನೆ. ಅಲ್ಲಿನ ಸರ್ಕಾರ ರೋಗ ತಗುಲಿದ ಹಿಂಡುಗಳನ್ನು ಕೊಂದು, ಗೂಡುಗಳನ್ನು ಶುಚಿಗೊಳಿಸಿ, ಸಾಗಾಟ ತಡೆದು ಕೆಲವೇ ವರ್ಷಗಳಲ್ಲಿ ಅದನ್ನು ನಿರ್ಮೂಲಗೊಳಿಸಿತು. ಆಸ್ಟ್ರೇಲಿಯಾವಾದರೋ ಕಾಡುಮೊಲಗಳ ಹಾವಳಿ ತಡೆಯಲೆಂದು ಇದೇ ವೈರಾಣುವನ್ನು ಪರೀಕ್ಷಿಸುತ್ತಿತ್ತು. 1995ರಲ್ಲಿ ಅದು ವಾರ್ಡಾಂಗ್ ದ್ವೀಪದಿಂದ ತಪ್ಪಿಸಿಕೊಂಡು ಮುಖ್ಯಭೂಮಿ ಸೇರಿತು.

ಹಗಲಿರುಳು ಸರಕಿನ ಲಾರಿಗಳು ಓಡಾಡುವ ಡೊಂಬಿವಲಿ ಎಂಐಡಿಸಿಯ ನಮಗೆ ಈ ಚರಿತ್ರೆ ದೂರದ್ದೆನಿಸದು. ಬಿಲ್ಲಿನಲ್ಲಿ ಬರೆಯದಿದ್ದುದೂ ಸರಕಿನೊಡನೆ ಬರುತ್ತದೆ. ಅದರ ಬೆಲೆ ತೆರುವವರಲ್ಲಿ ತರಿಸಿಕೊಂಡ ವರ್ತಕನಿಗಿಂತ ಹಿತ್ತಲಿನಲ್ಲಿ ನಾಲ್ಕು ಮೊಲ ಸಾಕಿಕೊಂಡ ಬಡವರೇ ಹೆಚ್ಚು ಎಂಬುದನ್ನು ನಾವು ಮರೆಯಬಾರದು.