ಒಮ್ಮೆ ಕೊಟ್ಟ ಅಪ್ಪಣೆ: ಮಗ್ಗದಿಂದ ಕಂಪ್ಯೂಟರಿಗೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ ರೇಷ್ಮೆ ಹಾಗೂ ಕೃತಕ ರೇಷ್ಮೆ ಸೀರೆಗಳಿಗೆ ಹೆಸರಾದ, ವಿದ್ಯುತ್ ಮಗ್ಗಗಳ ಊರು. ಸೀರೆಯ ಅಂಚು, ಸೆರಗುಗಳಲ್ಲಿ ಹೂಬಳ್ಳಿ, ನವಿಲು ಮೂಡಿಸಲು ಮಗ್ಗದ ನೆತ್ತಿಯ ಮೇಲೆ ಜಕಾರ್ಡ್ ಎಂಬ ಯಂತ್ರವನ್ನು ಕೂರಿಸುತ್ತಾರೆ. ಅದಕ್ಕೆ ಅಪ್ಪಣೆ ಕೊಡುತ್ತಾ ಬಂದದ್ದು ತೂತು ಕೊರೆದ ರಟ್ಟಿನ ಕಾರ್ಡುಗಳ ಸರಪಳಿ. ಕಂಪ್ಯೂಟರಿನಲ್ಲಿ ಉದ್ದನೆಯ ಆದೇಶಕ್ಕೆ ಚುಟುಕಾದ ಹೆಸರಿಟ್ಟು, ಬೇಕೆಂದಾಗ ಕರೆಯುವ ಉಪಾಯವೊಂದಿದೆ. ಆ ಉಪಾಯಕ್ಕೂ ಈ ರಟ್ಟಿಗೂ ನಂಟಿದೆ ಎಂದರೆ ಅಚ್ಚರಿಯಾದೀತು.

ಕಾರ್ಡಿನ ಕೆಲಸ ಸರಳ. ಒಂದು ಕಾರ್ಡೆಂದರೆ ನೇಯ್ಗೆಯ ಒಂದು ಸಾಲು. ತೂತಿದ್ದ ಕಡೆ ಸೂಜಿ ಒಳಗೆ ಹೋಗುತ್ತದೆ, ಅದಕ್ಕೆ ಸೇರಿದ ಕೊಕ್ಕೆ ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಓಡಿ ಹೊಕ್ಕು ಬೀಳುತ್ತದೆ. ದಾರದಿಂದ ಹೆಣೆದ ಕಾರ್ಡುಗಳು ಒಂದು ಸುತ್ತು ಮುಗಿಸಿದರೆ ಚಿತ್ತಾರ ಪೂರ್ಣ. ಅದೇ ಸರಪಳಿ ಮತ್ತೆ ತಿರುಗಿದರೆ ಅದೇ ಚಿತ್ತಾರ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಬೇಕಾಗಿಲ್ಲ.

ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮೇರಿ ಜಕಾರ್ಡ್ ಈ ಯಂತ್ರವನ್ನು ರೂಪಿಸಿದ್ದು 1804ರ ಸುಮಾರಿಗೆ. ತೂತಿನ ಕಾಗದವನ್ನು ಮಗ್ಗಕ್ಕೆ ಹೂಡುವ ಯತ್ನ 1725ರಲ್ಲೇ ಅದೇ ಊರಿನ ಬಾಸಿಲ್ ಬುಷೋನ್ ಅವರಿಂದ ಆರಂಭವಾಗಿತ್ತು. ಅದುವರೆಗೆ ಚಿತ್ತಾರಕ್ಕಾಗಿ ಸಹಾಯಕನೊಬ್ಬ, ಎಷ್ಟೋ ಕಡೆ ಹುಡುಗ, ಪ್ರತಿ ಸಾಲಿಗೂ ದಾರದ ಗೊಂಚಲು ಎಳೆಯಬೇಕಿತ್ತು. ಕಾರ್ಡು ಬಂದಿತು, ಆ ಕೆಲಸ ಹೋಯಿತು. ಹೊಟ್ಟೆಪಾಡಿಗೆ ಹೆದರಿದ ಲಿಯಾನಿನ ನೇಕಾರರು ಯಂತ್ರವನ್ನು ವಿರೋಧಿಸಿದರು. ಆದರೂ 1812ರ ವೇಳೆಗೆ ಫ್ರಾನ್ಸಿನಲ್ಲಿ ಸುಮಾರು 11 ಸಾವಿರ ಜಕಾರ್ಡುಗಳು ಓಡುತ್ತಿದ್ದವು.

ಕಾರ್ಡು ಮಗ್ಗದಲ್ಲೇ ಉಳಿಯಲಿಲ್ಲ. ಜಕಾರ್ಡ್ ಅವರ ಭಾವಚಿತ್ರವನ್ನು ಸುಮಾರು 24 ಸಾವಿರ ಕಾರ್ಡು ಬಳಸಿ ರೇಷ್ಮೆಯಲ್ಲಿ ನೇಯಲಾಗಿತ್ತು. ಅದರ ಪ್ರತಿಯೊಂದನ್ನು ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಇಟ್ಟುಕೊಂಡಿದ್ದರು. ತಾವು ಯೋಜಿಸಿದ ಲೆಕ್ಕದ ಯಂತ್ರಕ್ಕೂ ಅವರು ಇಂಥದೇ ಕಾರ್ಡುಗಳನ್ನು ಆಯ್ದುಕೊಂಡರು. 1890ರ ಅಮೆರಿಕದ ಜನಗಣತಿಯಲ್ಲಿ ಹರ್ಮನ್ ಹೊಲೆರಿತ್ ತೂತಿನ ಕಾರ್ಡುಗಳಿಂದಲೇ ಎಣಿಕೆ ಮಾಡಿಸಿದರು. ಇಪ್ಪತ್ತನೆಯ ಶತಮಾನದ ಕಂಪ್ಯೂಟರುಗಳು ದಶಕಗಳ ಕಾಲ ಆದೇಶ ಪಡೆದದ್ದೂ ಕಾರ್ಡಿನಿಂದಲೇ.

ಮುಂದೆ ಕೀಲಿಮಣೆಯಲ್ಲಿ ಅಕ್ಷರ ಒತ್ತಿ ಆದೇಶ ಕೊಡುವ ಕಾಲ ಬಂತು. ಜೊತೆಗೆ ಹಳೆಯ ಬೇಸರವೂ ಬಂತು: ಅದದೇ ಸಾಲನ್ನು ಎಷ್ಟು ಸಲ ಬರೆಯುವುದು? 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಲೂಯಿ ಪೂಜಾನ್, ಆದೇಶಗಳನ್ನು ಒಂದು ಕಡತದಲ್ಲಿ ಬರೆದಿಟ್ಟು ಸಾಲಾಗಿ ನಡೆಸುವ ‘ರನ್‌ಕಾಮ್’ ರಚಿಸಿದರು. 1970ರ ದಶಕದ ಕೊನೆಗೆ ಬರ್ಕಲಿಯ ಬಿಲ್ ಜಾಯ್ ತಮ್ಮ ‘ಸಿ ಶೆಲ್’ನಲ್ಲಿ ಉದ್ದನೆಯ ಆದೇಶಕ್ಕೆ ಅಡ್ಡಹೆಸರಿಡುವ ಸೌಲಭ್ಯ ಕೊಟ್ಟರು. ಕಡತಗಳ ಕೋಣೆಯೊಳಗಿನ ಕೋಣೆಗೆ ಹೋಗಿ, ಬಂದ ದಾರಿಯಲ್ಲೇ ಮರಳುವ ಅನುಕೂಲವೂ ಅದರಲ್ಲಿತ್ತು. ಹತ್ತು ಬಾಗಿಲು ದಾಟಿ ಹೋಗಬೇಕಾದ ಜಾಗಕ್ಕೆ ಒಂದೇ ಪದದಲ್ಲಿ ಮುಟ್ಟಿಸುವ ಇಂದಿನ ಸಲಕರಣೆಗಳು ಅದೇ ದಾರಿಯಲ್ಲಿ ಮುಂದುವರಿದವು.

ಸುತ್ತು ಇಲ್ಲಿಗೆ ಮುಗಿಯುವುದಿಲ್ಲ. 1983ರಲ್ಲಿ ಮಿಲಾನ್‌ನ ಜವಳಿ ಯಂತ್ರ ಪ್ರದರ್ಶನದಲ್ಲಿ ಬೋನಸ್ ಕಂಪೆನಿ ಎಲೆಕ್ಟ್ರಾನಿಕ್ ಜಕಾರ್ಡ್ ತೋರಿಸಿತು. ಅದಕ್ಕೆ ರಟ್ಟು ಬೇಡ, ಚಿತ್ತಾರದ ಕಡತವೇ ಸಾಕು. ಮಗ್ಗದಿಂದ ಕಂಪ್ಯೂಟರಿಗೆ ಹೋದ ವಿದ್ಯೆ ಮಗ್ಗಕ್ಕೇ ಮರಳಿತು.

ಆದರೆ ಬರೆದಿಟ್ಟ ಅಪ್ಪಣೆಗೆ ವಿವೇಕವಿಲ್ಲ. ಒಂದು ಕಾರ್ಡಿನಲ್ಲಿ ತಪ್ಪು ತೂತು ಬಿದ್ದರೆ, ಅದನ್ನು ಸರಿಪಡಿಸುವವರೆಗೂ ಪ್ರತಿ ಸುತ್ತಿನಲ್ಲಿ ಅದೇ ಜಾಗದಲ್ಲಿ ಅದೇ ದೋಷ ಮೂಡುತ್ತದೆ. ಕಂಪ್ಯೂಟರಿನಲ್ಲೂ ಹಾಗೆಯೇ. ಕಡತ ಅಳಿಸುವ ಆದೇಶವನ್ನು ಚುಟುಕು ಹೆಸರಿನಲ್ಲಿ ಅಡಗಿಸಿಟ್ಟು, ಬೇರೆ ಕೋಣೆಯಲ್ಲಿ ನಿಂತು ಮರೆತು ಕರೆದರೆ ತಿಂಗಳುಗಳ ದುಡಿಮೆ ಕ್ಷಣದಲ್ಲಿ ಮಾಯ. ಕೈಯಿಂದ ಆಗುವ ತಪ್ಪು ಒಂದು ಸಾಲನ್ನು ಕೆಡಿಸಿದರೆ, ಕಾರ್ಡಿನ ತಪ್ಪು ನೇಯ್ದಷ್ಟು ಸೀರೆಯನ್ನೂ ಕೆಡಿಸುತ್ತದೆ. ಆದ್ದರಿಂದಲೇ ಹೊಸ ಸರಪಳಿ ಏರಿಸಿದಾಗ ಮೊದಲ ಸುತ್ತಿನ ಬಟ್ಟೆಯ ಮೇಲೆ ಕಣ್ಣಿರಬೇಕು. ಕೀಲಿಮಣೆಯ ಮುಂದೆ ಕೂರುವವರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.